ಮಡಿಸುವ ಕ್ಯಾಮೆರಾವೋ, ಎರಡು ಕಣ್ಣಿನ ಯಾಶಿಕಾವೋ?

ನನ್ನ ಒಲವು ಒಂದರ ಮೇಲೊಂದು ಎರಡು ಲೆನ್ಸ್ ಇರುವ ಯಾಶಿಕಾ ಮ್ಯಾಟ್-124ಜಿ ಕ್ಯಾಮೆರಾದ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಒಲವಿಗೆ ಅದರ ಗುಣಗಳಷ್ಟೇ ಕಾರಣವಲ್ಲ. ಅದಕ್ಕೂ ಮೊದಲು ಆರೂವರೆ ಸಾವಿರ ರೂಪಾಯಿ ತೆತ್ತು ಕೊಂಡಿದ್ದ, 1950ರ ದಶಕದ ಮಡಿಸುವ ಕ್ಯಾಮೆರಾ ಒಂದು ಇಡೀ ಬೇಸಿಗೆ ನನ್ನನ್ನು ಕಾಡಿದ್ದೂ ಕಾರಣ. ಎರಡಕ್ಕೂ ಹಾಕುವುದು 120 ಫಿಲ್ಮ್, ಅಂದರೆ ಹಿಂದೆ ಕಾಗದ ಇರುವ ಅಗಲವಾದ ರೋಲ್ ಫಿಲ್ಮ್. ಎರಡರಲ್ಲೂ ಒಂದು ರೋಲಿಗೆ 12 ಚೌಕ ಚಿತ್ರಗಳು ಬರುತ್ತವೆ.

ಮಡಿಸುವ ಕ್ಯಾಮೆರಾದ ಮೊದಲ ರೋಲನ್ನು ಕಾಪುವಿನ ದೀಪಸ್ತಂಭದ ಬಳಿ ಮುಗಿಸಿದೆ. (ಆ ದೀಪಸ್ತಂಭ ಕಟ್ಟಿದ್ದೂ 120 ಫಿಲ್ಮ್ ಮಾರುಕಟ್ಟೆಗೆ ಬಂದದ್ದೂ 1901ರಲ್ಲೇ, ಹುಚ್ಚಿಗೆ ಇಷ್ಟು ನೆಪ ಸಾಕಾಗುತ್ತದೆ.) ಮನೆಯಲ್ಲಿ ತೊಳೆದು ಒಣಹಾಕಿದಾಗ, ಒಂಬತ್ತು ನೆಗೆಟಿವ್‌ಗಳ ಒಂದೇ ಮೂಲೆಯಲ್ಲಿ ಮಸಿ ಚೆಲ್ಲಿದಂತಹ ಕಲೆ ಕಂಡಿತು. ಬೆಳಕು ಸೋರಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ, ಎಲ್ಲಿಂದ ಎಂಬುದೇ ತಿಳಿಯಲಿಲ್ಲ. ಫಿಲ್ಮಿನ ಸಂಖ್ಯೆ ನೋಡಲು ಬೆನ್ನಿನಲ್ಲಿರುವ ಕೆಂಪು ಕಿಟಕಿಯ ಮೇಲೆ ನನಗೆ ಮೊದಲ ಸಂಶಯ ಬಂತು. ಕೆಂಪು ಬೆಳಕು ತಾಗದ ಹಳೆಯ ಕಾಲದ ಫಿಲ್ಮಿಗೆ ಆ ಕಿಟಕಿ ನಿರಪಾಯವಾಗಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಇಂದಿನ ಫಿಲ್ಮಿಗೆ, ಅದರಲ್ಲೂ ಕಡಲತೀರದ ಬಿಸಿಲಿನಲ್ಲಿ, ಅಷ್ಟು ನಿರಪಾಯವಲ್ಲ. ಕಿಟಕಿಗೆ ಕಪ್ಪು ಟೇಪು ಅಂಟಿಸಿ, ಮಲ್ಪೆಯಲ್ಲಿ ಇನ್ನೊಂದು ರೋಲ್ ತೆಗೆದೆ. ಕಲೆ ಇದ್ದಲ್ಲೇ ಇತ್ತು.

ಆಗ ಗಮನಿಸಿದ ಒಂದು ಸಂಗತಿಯನ್ನು ಮೊದಲೇ ಗಮನಿಸಿದ್ದರೆ ಒಂದು ರೋಲಿನ ಹಣ, ಅಂದರೆ ಸುಮಾರು ಸಾವಿರ ರೂಪಾಯಿ, ಉಳಿಯುತ್ತಿತ್ತು. ಕಲೆ ಚಿತ್ರದ ಚೌಕಟ್ಟನ್ನು ದಾಟಿ ಫಿಲ್ಮಿನ ಅಂಚಿನವರೆಗೂ ಹಬ್ಬಿದ್ದರೆ ಬೆಳಕು ಬಂದದ್ದು ಹಿಂಬದಿಯಿಂದ. ಚೌಕಟ್ಟಿನ ಗೆರೆಯಲ್ಲೇ ಕತ್ತರಿಸಿದಂತೆ ನಿಂತಿದ್ದರೆ ಮುಂಬದಿಯಿಂದ. ನನ್ನದು ಗೆರೆಯಲ್ಲೇ ನಿಂತಿತ್ತು. ರಾತ್ರಿ ದೀಪ ಆರಿಸಿ, ಹಿಂಬಾಗಿಲು ತೆರೆದು, ಬೆಲ್ಲೋಸ್‌ನ ಒಳಗೆ, ಅಂದರೆ ಕಮ್ಮಾರನ ತಿದಿಯ ಹಾಗೆ ಮಡಚಿ ಬಿಚ್ಚುವ ಆ ಕಪ್ಪು ಚೀಲದೊಳಗೆ, ಮೊಬೈಲಿನ ಟಾರ್ಚ್ ಹಿಡಿದಾಗ ಮಡಿಕೆಗಳ ಮೂಲೆಯಲ್ಲಿ ನಾಲ್ಕು ಸೂಜಿಮೊನೆಯ ತೂತುಗಳು ಮಿನುಗಿದವು. ಮಾರಿದವರನ್ನು ಕೇಳಿದರೆ, ತಮ್ಮ ಬಳಿ ಇದ್ದಾಗ ಸರಿಯಾಗಿತ್ತು ಎಂದರು.

ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಮರದ ಅಂಟು ಬೆರೆಸಿ ಎರಡು ಬಾರಿ ತೆಳುವಾಗಿ ಸವರಿ, ಒಂದು ದಿನ ಬಿಚ್ಚಿಯೇ ಒಣಗಿಸಿದೆ. ಮುಂದಿನ ಎರಡು ರೋಲ್‌ಗಳು ನಿರ್ಮಲವಾಗಿ ಬಂದವು. ಆದರೆ ಜೂನ್ ಹಿಡಿಯುತ್ತಲೇ, ನಮ್ಮ ಉಡುಪಿಯ ತೇವಕ್ಕೆ ಅಂಟು ಮೆತ್ತಗಾಗಿ, ಮಡಚಿಟ್ಟ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಂಡವು. ಬಿಚ್ಚಿದಾಗ ಬಣ್ಣದ ಜೊತೆ ಹಳೆಯ ಚರ್ಮದ ಸಿಪ್ಪೆಯೂ ಎದ್ದುಬಂತು.

ಯಾಶಿಕಾದಲ್ಲಿ ಮಡಚುವ ಚರ್ಮವೇ ಇಲ್ಲ. ಕಾಗದದ ಬಾಣವನ್ನು ಗುರುತಿಗೆ ಹೊಂದಿಸಿ ಬಾಗಿಲು ಮುಚ್ಚಿದರೆ, ಮುಂದೆ ಹಿಡಿಕೆ ತಿರುಗಿಸಿದಾಗ ಫಿಲ್ಮ್ ತಾನಾಗಿ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ, ಶಟರ್ ಕೂಡ ಸಜ್ಜಾಗುತ್ತದೆ. ಬೆಳಕಿನ ಮಾಪಕವನ್ನು ಮಾತ್ರ ನಾನು ನಂಬುವುದಿಲ್ಲ: ಅದನ್ನು ರೂಪಿಸಿದ್ದು 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆ, ಇಂದು ಸಿಗುವ ಆಲ್ಕಲೈನ್‌ನದು 1.5 ವೋಲ್ಟ್. ಮೊಬೈಲಿನ ಮಾಪಕದಲ್ಲಿ ನನ್ನ ಕೆಲಸ ನಡೆಯುತ್ತದೆ.

ಲೆನ್ಸಿಗೆ ಬೂಷ್ಟು ಹಿಡಿಯುವ ವಿಷಯದಲ್ಲಿ ಎರಡೂ ಸಮ. ಚರ್ಮದ ಕವಚ ತೇವ ಹಿಡಿದಿಡುವುದರಿಂದ ಅದನ್ನು ಕಳಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು.

ಮಡಿಸುವುದರ ಪರವಾಗಿ ಒಂದು ಮಾತು: ಅದು ಸ್ಕೂಟರಿನ ಪೆಟ್ಟಿಗೆಯಲ್ಲಿ ಕೊಡೆಯ ಪಕ್ಕದಲ್ಲಿ ಹಿಡಿಸುತ್ತದೆ. ಯಾಶಿಕಾ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಚಿತ್ರ ನೋಡಲು ಮೇಲಿನಿಂದ ಬಗ್ಗಿ ನೋಡುವ ಅದರ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವುದರಿಂದ, ರಥಬೀದಿಯಲ್ಲಿ ಸಾಗುವ ತೇರನ್ನು ಹಿಂಬಾಲಿಸಲು ಹೋಗಿ ನಾನು ಹಲವು ಸಲ ತೇರಿನ ವಿರುದ್ಧ ದಿಕ್ಕಿಗೆ ತಿರುಗಿದ್ದೇನೆ. ಆದರೆ ನಾನು ತಿಂಗಳಿಗೆ ಒಂದೇ ರೋಲ್ ತೆಗೆಯುವವನು, ಅದೂ ಸಂಜೆ ಕಡಲತೀರದಲ್ಲಿ ನಿಧಾನವಾಗಿ. ಯಾಶಿಕಾಕ್ಕೆ ಮೂರು ಪಟ್ಟು ಹಣ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಮಡಿಸುವುದಕ್ಕೆ ಹೊಸ ಬೆಲ್ಲೋಸ್ ಹಾಕಿಸಲು ಕೇಳುತ್ತಿರುವ ದರ ಆ ಕ್ಯಾಮೆರಾದ ಬೆಲೆಯನ್ನೇ ಮೀರಿರುವುದರಿಂದ, ಅದು ಸದ್ಯಕ್ಕೆ ಬಿಚ್ಚಿದ ಸ್ಥಿತಿಯಲ್ಲೇ ಕಪಾಟಿನಲ್ಲಿದೆ.