ಕ್ಯಾಲಿಫೋರ್ನಿಯಾದ ಪ್ರೈಮರಿ: ಮನೆಗೇ ಬರುವ ಮತಪತ್ರ, ಎಡವುವ ಜಾಗಗಳು

ಕ್ಯಾಲಿಫೋರ್ನಿಯಾದಲ್ಲಿ ಹೆಸರು ನೋಂದಾಯಿಸಿದ ಮತದಾರರ ಮನೆಗೆ ಪ್ರೈಮರಿಯ (ನವೆಂಬರ್ ಚುನಾವಣೆಗೆ ಮುನ್ನ ಅಭ್ಯರ್ಥಿಗಳನ್ನು ಸೋಸುವ ಮತದಾನ) ಮತಪತ್ರ ತಾನಾಗಿಯೇ ಬರುತ್ತದೆ. ಅರ್ಜಿ ಬೇಡ, ಕಾರಣ ಕೊಡಬೇಕಿಲ್ಲ, ವಾಪಸ್ ಕಳಿಸಲು ಅಂಚೆಚೀಟಿಯೂ ಬೇಡ. ಚುನಾವಣೆಗೆ 29 ದಿನ ಇರುವಾಗ ಕೌಂಟಿಗಳು (ಜಿಲ್ಲಾಡಳಿತಗಳು) ರವಾನೆ ಶುರುಮಾಡುತ್ತವೆ. ಈ ವ್ಯವಸ್ಥೆಯನ್ನು ಕಾಯಂ ಮಾಡಿದ್ದು 2021ರ ಕಾನೂನು. ತಲುಪಿಸುವ ಕೆಲಸಕ್ಕೆ ಐದಕ್ಕೆ ಐದು ಅಂಕ ಕೊಡಬಹುದು. ಅಂಕ ಕಳೆಯಬೇಕಾಗಿ ಬರುವುದು ಆಮೇಲೆ: ಆ ಕವರಿನಲ್ಲಿ ಯಾವ ಮತಪತ್ರ ಬಂದಿದೆ, ಅದರಲ್ಲಿ ಹಾಕಿದ ಮತ ನವೆಂಬರ್‌ವರೆಗೆ ಬಾಳುತ್ತದೆಯೇ ಎಂದು ನೋಡುವಾಗ. ಪೌರತ್ವ ಪಡೆದು ಸನಿವೇಲ್, ಕುಪರ್ಟಿನೊ, ಫ್ರೀಮಾಂಟ್ ಕಡೆ ನೆಲೆಸಿ, ನವೆಂಬರ್‌ನಲ್ಲಿ ಮತ ಹಾಕಿದರೆ ಸಾಕು ಅಂದುಕೊಂಡಿರುವವರು ಇದನ್ನು ಗಮನವಿಟ್ಟು ಓದಬೇಕು. ಅಲ್ಲಿನ ಬಹುತೇಕ ಕ್ಷೇತ್ರಗಳಲ್ಲಿ ಕಾಳು ಜೊಳ್ಳು ಬೇರೆಯಾಗುವುದು ಪ್ರೈಮರಿಯಲ್ಲೇ.

ಮೊದಲು ನೋಂದಣಿ. ಗಡುವು ಚುನಾವಣೆಗೆ 15 ದಿನ ಮುಂಚೆ. ಅದು ತಪ್ಪಿದರೂ ಮತದಾನದ ದಿನವೇ ಮತ ಕೇಂದ್ರಕ್ಕೆ ಹೋಗಿ ನೋಂದಾಯಿಸಿಕೊಂಡು ಮತ ಹಾಕಬಹುದು. ತೊಂದರೆ ಇರುವುದು ಪಕ್ಷದ ಒಲವು ಕೇಳುವ ಕಾಲಂನಲ್ಲಿ. ಯಾವ ಪಕ್ಷವೂ ಬೇಡ ಅನ್ನುವವರು ‘ನೋ ಪಾರ್ಟಿ ಪ್ರಿಫರೆನ್ಸ್’ ಆರಿಸಬೇಕು. ಆದರೆ ‘ಇಂಡಿಪೆಂಡೆಂಟ್’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಟಿಕ್ ಹಾಕಿದವರು ‘ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ’ಗೆ ಸೇರಿಹೋಗುತ್ತಾರೆ. ಅದು ನಿಜವಾಗಿಯೂ ಒಂದು ಪಕ್ಷ; 1968ರಲ್ಲಿ ವರ್ಣಭೇದವಾದಿ ಜಾರ್ಜ್ ವಾಲೆಸ್‌ರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದು ಅದೇ. 2016ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸಮೀಕ್ಷೆ ಮಾಡಿದಾಗ ಅದರ ಸದಸ್ಯರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಹೀಗೆ ತಪ್ಪಿ ಸೇರಿದವರೇ ಆಗಿದ್ದರು. ಇಷ್ಟು ಜನ ಒಂದೇ ಜಾಗದಲ್ಲಿ ಎಡವಿದರೆ ತಪ್ಪು ಎಡವಿದವರದಲ್ಲ, ಫಾರಂನದು.

ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಡಿಎಂವಿಯಲ್ಲೇ (ರಾಜ್ಯದ ವಾಹನ ಸಾರಿಗೆ ಕಚೇರಿ) ನೋಂದಣಿ ಆಗುವ ವ್ಯವಸ್ಥೆ ಏಪ್ರಿಲ್ 2018ರಲ್ಲಿ ಬಂತು. ಅದೇ ವರ್ಷ ಸುಮಾರು 23,000 ನೋಂದಣಿಗಳಲ್ಲಿ ದೋಷ ಕಂಡುಬಂತು. ಕೆಲವರ ಪಕ್ಷದ ಒಲವೇ ಬದಲಾಗಿತ್ತು. ಆಮೇಲೆ ಅರ್ಹತೆ ಇಲ್ಲದ ಸುಮಾರು 1,500 ಜನರ ಹೆಸರು ಸೇರಿದ್ದೂ ಹೊರಬಿತ್ತು, ಪೌರರಲ್ಲದವರೂ ಅದರಲ್ಲಿದ್ದರು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಡಿಎಂವಿಯಲ್ಲಿ ಪೌರತ್ವದ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಬೇಕು. ತಪ್ಪಾಗಿ ಹೆಸರು ಸೇರಿ ಮತವನ್ನೂ ಹಾಕಿಬಿಟ್ಟರೆ ಮುಂದೆ ವಲಸೆಯ ಕಡತಕ್ಕೇ ಸಂಚಕಾರ. ಪೌರರಾದವರು ರಾಜ್ಯದ ‘ವೋಟರ್ ಸ್ಟೇಟಸ್’ ಪುಟದಲ್ಲಿ ತಮ್ಮ ವಿಳಾಸ, ಪಕ್ಷದ ಒಲವು ಎರಡನ್ನೂ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ.

ಪಕ್ಷದ ಕಾಲಂ ಮುಖ್ಯವಾಗುವುದು ಅಧ್ಯಕ್ಷೀಯ ವರ್ಷದ ಮಾರ್ಚ್ ಪ್ರೈಮರಿಯಲ್ಲಿ. ಪಕ್ಷ ಬೇಡ ಎಂದವರಿಗೆ ಬರುವ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಯೇ ಇರುವುದಿಲ್ಲ. 2020 ಮತ್ತು 2024ರಲ್ಲಿ ಡೆಮಾಕ್ರಟಿಕ್, ಲಿಬರ್ಟೇರಿಯನ್ ಮತ್ತು ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷಗಳು ಇಂಥವರಿಗೆ ಬಾಗಿಲು ತೆರೆದಿದ್ದವು, ಆದರೆ ಆ ಮತಪತ್ರವನ್ನು ಕೇಳಿ ಪಡೆಯಬೇಕಿತ್ತು. ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಲು ಆ ಪಕ್ಷಕ್ಕೇ ನೋಂದಾಯಿಸಿಕೊಳ್ಳಬೇಕಿತ್ತು. ತಪ್ಪು ಮತಪತ್ರ ಬಂದರೆ ಅದನ್ನು ತುಂಬದೆ ಮತ ಕೇಂದ್ರಕ್ಕೆ ಒಯ್ದು ಒಪ್ಪಿಸಿ ಬದಲಿಸಿಕೊಳ್ಳಬಹುದು. ಕವರ್ ಒಡೆದ ದಿನವೇ ಮೊದಲ ಪುಟ ನೋಡಿದರೆ ಇದಕ್ಕೆ ಸಮಯ ಸಿಗುತ್ತದೆ.

ತುಂಬುವುದು ಸುಲಭ, ಕೆಡುವುದು ಸಹಿಯಲ್ಲಿ. ಕವರಿನ ಮೇಲಿನ ಸಹಿಯನ್ನು ಕೌಂಟಿಯವರು ಕಡತದ ಸಹಿಯೊಂದಿಗೆ ಹೋಲಿಸುತ್ತಾರೆ, ಆ ಕಡತದ ಸಹಿ ಹಲವರದು ಡಿಎಂವಿಯ ಗಾಜಿನ ಹಲಗೆಯ ಮೇಲೆ ಗೀಚಿದ್ದು. ಅಲ್ಲಿ ಕನ್ನಡದಲ್ಲಿ ಸಹಿ ಹಾಕಿ ಇಲ್ಲಿ ಇಂಗ್ಲಿಷಿನಲ್ಲಿ ಹಾಕಿದರೆ ತಾಳೆಯಾಗುವುದಿಲ್ಲ. ಗಂಡನ ಕವರಿಗೆ ಹೆಂಡತಿ, ಹೆಂಡತಿಯ ಕವರಿಗೆ ಗಂಡ ಸಹಿ ಹಾಕಿಬಿಡುವುದೂ ಉಂಟು. ಒಂದೇ ಮೇಜಿನ ಮೇಲೆ ನಾಲ್ಕು ಕವರ್ ಹರಡಿಕೊಂಡು ಕೂತಾಗ ಇದು ಆಗುತ್ತದೆ. ಸಹಿ ಹೊಂದದಿದ್ದರೆ ಕೌಂಟಿ ಪತ್ರ ಕಳಿಸುತ್ತದೆ. ಅದರಲ್ಲಿರುವ ಫಾರಂಗೆ ಸಹಿ ಹಾಕಿ ಗಡುವಿನೊಳಗೆ ಮರಳಿಸಿದರೆ ಮತ ಉಳಿಯುತ್ತದೆ, ಆ ಪತ್ರವನ್ನು ಜಾಹೀರಾತೆಂದು ಕಸಕ್ಕೆ ಹಾಕಬಾರದು. ಮತಪತ್ರಕ್ಕೆ ಚುನಾವಣೆಯ ದಿನದೊಳಗಿನ ಅಂಚೆ ಮುದ್ರೆ ಇರಬೇಕು ಮತ್ತು ಏಳು ದಿನದೊಳಗೆ ಅದು ಕೌಂಟಿಯನ್ನು ತಲುಪಬೇಕು. ಕೊನೆಯ ದಿನ ಸಂಜೆ ಅಂಚೆ ಡಬ್ಬಿಗೆ ಹಾಕಿದ್ದಕ್ಕೆ ಮರುದಿನದ ಮುದ್ರೆ ಬಿದ್ದರೆ ಮತ ಹೋದಂತೆಯೇ. ಕೊನೆಯ ಮೂರ್ನಾಲ್ಕು ದಿನಗಳಲ್ಲಿ ಕೌಂಟಿಯ ಡ್ರಾಪ್ ಬಾಕ್ಸೇ ಸರಿ. ‘ವೇರ್ ಈಸ್ ಮೈ ಬ್ಯಾಲಟ್’ ಸೇವೆಗೆ ಹೆಸರು ಕೊಟ್ಟರೆ ಮತಪತ್ರ ಹೊರಟಿದ್ದು, ಸೇರಿದ್ದು, ಎಣಿಕೆಗೆ ಒಪ್ಪಿದ್ದು ಎಲ್ಲಕ್ಕೂ ಫೋನಿಗೆ ಸಂದೇಶ ಬರುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ನಂಬಿಕೆ ಹುಟ್ಟಿಸುವ ಭಾಗ ಇದು.

ಇನ್ನು ಟಾಪ್-ಟೂ. 2010ರಲ್ಲಿ ಮತದಾರರು ಒಪ್ಪಿದ 14ನೇ ಪ್ರಸ್ತಾವದ ಪ್ರಕಾರ ಕಾಂಗ್ರೆಸ್ (ಅಮೆರಿಕದ ಸಂಸತ್ತಿನ ಕೆಳಮನೆ), ಸೆನೆಟ್, ಗವರ್ನರ್, ರಾಜ್ಯ ಶಾಸನಸಭೆಯಂಥ ಹುದ್ದೆಗಳಿಗೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿರುತ್ತಾರೆ. ಮತದಾರರ ಪಕ್ಷ ಯಾವುದಿದ್ದರೂ ಯಾರಿಗೆ ಬೇಕಾದರೂ ಮತ ಹಾಕಬಹುದು. ಮೊದಲ ಎರಡು ಸ್ಥಾನದವರು ಮಾತ್ರ ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಅರ್ಧಕ್ಕಿಂತ ಹೆಚ್ಚು ಮತ ಬಂದರೂ ಈ ಹುದ್ದೆಗಳಲ್ಲಿ ಪ್ರೈಮರಿಗೇ ಗೆಲುವಿಲ್ಲ. ಒಬ್ಬರಿಗಿಂತ ಹೆಚ್ಚು ಜನಕ್ಕೆ ಗುರುತು ಹಾಕಿದರೆ ಆ ಹುದ್ದೆಯ ಮತ ಅಸಿಂಧು. 2016ರ ಸೆನೆಟ್ ಪ್ರೈಮರಿಯಲ್ಲಿ 34 ಜನ ನಿಂತಿದ್ದರು. ಅಷ್ಟುದ್ದದ ಪಟ್ಟಿ ಒಂದು ಕಾಲಂನಲ್ಲಿ ಹಿಡಿಸದೆ ಇನ್ನೊಂದಕ್ಕೆ ಮುಂದುವರಿದಾಗ ಎರಡನ್ನೂ ಬೇರೆ ಬೇರೆ ಸ್ಪರ್ಧೆ ಎಂದು ತಿಳಿಯುವ ಅಪಾಯ ದೊಡ್ಡದು.

ಈ ನಿಯಮ ರಾಜಕೀಯವನ್ನು ಹೇಗೆ ತಿದ್ದುತ್ತದೆ ಎಂದು ತಿಳಿಯಲು ಸಿಲಿಕಾನ್ ಕಣಿವೆಯ 17ನೇ ಕಾಂಗ್ರೆಸ್ ಕ್ಷೇತ್ರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2014ರ ಜೂನ್‌ನಲ್ಲಿ ನಡೆದ ಪ್ರೈಮರಿಯಲ್ಲಿ ಆಗಿನ ಸಂಸದ ಮೈಕ್ ಹೋಂಡಾ ಮುಂದಿದ್ದರು, ಅದೇ ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ ಬಹಳ ಹಿಂದಿದ್ದು ಎರಡನೆಯವರಾದರು. ಪಕ್ಷಕ್ಕೆ ನೋಂದಾಯಿಸಿದವರಷ್ಟೇ ಮತ ಹಾಕುವ ಮುಚ್ಚಿದ ಪ್ರೈಮರಿ ಆಗಿದ್ದರೆ ಖನ್ನಾರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಟಾಪ್-ಟೂ ಇದ್ದುದರಿಂದ ನವೆಂಬರ್‌ವರೆಗೆ ಹೋಗಿ ನಾಲ್ಕು ಶೇಕಡಾ ಅಂತರದೊಳಗೆ ಸೋತರು, 2016ರಲ್ಲಿ ಗೆದ್ದರು. ಸ್ವಂತ ಅಭ್ಯರ್ಥಿ ಇಲ್ಲದ ರಿಪಬ್ಲಿಕನ್ನರ, ಪಕ್ಷೇತರರ ಮತಗಳಿಗೂ ಅಲ್ಲಿ ಬೆಲೆ ಬಂತು. ಇದು ಈ ಪದ್ಧತಿಯ ದೊಡ್ಡ ಗುಣ.

ದೋಷ ನೋಡಬೇಕಾದರೆ 2012ರ 31ನೇ ಕ್ಷೇತ್ರ. ನವೆಂಬರ್‌ನಲ್ಲಿ ಒಬಾಮ ಗೆದ್ದ ಜಾಗ ಅದು. ಆದರೆ ಜೂನ್‌ನಲ್ಲಿ ನಾಲ್ವರು ಡೆಮಾಕ್ರಟರು ಮತ ಹಂಚಿಕೊಂಡರು, ಗ್ಯಾರಿ ಮಿಲ್ಲರ್ ಮತ್ತು ಬಾಬ್ ಡಟನ್ ಎಂಬ ಇಬ್ಬರು ರಿಪಬ್ಲಿಕನ್ನರು ಮುಂದೆ ಹೋದರು, ಪೀಟ್ ಅಗಿಲಾರ್ ಮೂರನೆಯವರಾಗಿ ಹೊರಗುಳಿದರು. ಮತ ಒಡೆದದ್ದಷ್ಟೇ ಕಾರಣವಲ್ಲ; ಜೂನ್‌ನಲ್ಲಿ ಮತ ಹಾಕುವವರು ನವೆಂಬರ್‌ನ ಮತದಾರರಲ್ಲ. 2014ರ ಜೂನ್‌ನಲ್ಲಿ ರಾಜ್ಯದ ನೋಂದಾಯಿತರಲ್ಲಿ ಮತ ಹಾಕಿದವರು ಶೇ. 25ರಷ್ಟು ಮಾತ್ರ. ನಾಲ್ವರಲ್ಲಿ ಒಬ್ಬರು ಸೋಸಿಟ್ಟ ಇಬ್ಬರ ನಡುವೆ ಉಳಿದವರು ಆರಿಸಬೇಕು, ನವೆಂಬರ್‌ನಲ್ಲಿ ಬೇರೆ ಹೆಸರು ಬರೆದು ಹಾಕುವ ಅವಕಾಶವೂ ಈ ಹುದ್ದೆಗಳಿಗಿಲ್ಲ.

ಮುಚ್ಚಿದ ಪ್ರೈಮರಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. 2021ರಲ್ಲಿ ಟ್ರಂಪ್ ವಿರುದ್ಧ ದೋಷಾರೋಪಣೆಗೆ ಮತ ಹಾಕಿದ ಹತ್ತು ರಿಪಬ್ಲಿಕನ್ ಸಂಸದರಲ್ಲಿ ನಾಲ್ವರು ಮರುವರ್ಷ ಸ್ಪರ್ಧಿಸಲೇ ಇಲ್ಲ, ನಾಲ್ವರು ಪ್ರೈಮರಿಯಲ್ಲಿ ಸೋತರು. ಲಿಜ್ ಚೇನಿ ವಯೋಮಿಂಗ್‌ನಲ್ಲಿ ಸೋತದ್ದು ಹಾಗೆ. ಉಳಿದುಕೊಂಡ ಇಬ್ಬರು ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ ಮತ್ತು ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್, ಇಬ್ಬರದೂ ಟಾಪ್-ಟೂ ರಾಜ್ಯ. ಟಾಪ್-ಟೂ ಎಲ್ಲರನ್ನೂ ಕಾಯಲಿಲ್ಲ, ವಾಷಿಂಗ್ಟನ್ನಿನ ಜೇಮಿ ಹೆರೆರಾ ಬಟ್ಲರ್ ಮೂರನೆಯವರಾಗಿ ಸೋತರು. ಆದರೂ ಸ್ವಪಕ್ಷದ ಕಟ್ಟಾಳುಗಳಾಚೆಗೆ ಮತ ಕೇಳಬಹುದು ಎಂಬ ದಾರಿ ಇದ್ದರೆ ಸಂಸದರು ಸದನದಲ್ಲಿ ಬೇರೆ ರೀತಿ ಮತ ಹಾಕಬಲ್ಲರು.

ನಮ್ಮಲ್ಲೂ ಇದರ ಸಣ್ಣ ಪ್ರಯೋಗ ನಡೆದಿತ್ತು. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪಕ್ಷ ಪ್ರೈಮರಿ ನಡೆಸಿದ ಕ್ಷೇತ್ರಗಳಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಇದ್ದವು. ಅಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು. ಸಾಮಾನ್ಯ ಮತದಾರರಿಗೆ ಪಾಲಿರಲಿಲ್ಲ. ಆಯ್ಕೆಯಾದ ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಇಬ್ಬರೂ ಮುಂದೆ ಸೋತರು. ಟಿಕೆಟ್‌ಗಾಗಿ ದಿಲ್ಲಿಯತ್ತ ನೋಡುವುದು ಹಾಗೇ ಉಳಿಯಿತು.

ಫಲಿತಾಂಶಕ್ಕೆ ಕಾಯುವ ತಾಳ್ಮೆ ಬೇಕು, ಕೌಂಟಿಗಳಿಗೆ ಎಣಿಕೆ, ಪರಿಶೀಲನೆ ಮುಗಿಸಿ ಫಲಿತಾಂಶ ದೃಢಪಡಿಸಲು ಸುಮಾರು 30 ದಿನ ಇರುತ್ತದೆ. ಮತ ಸಮವಾದರೂ ತಾನಾಗಿ ಮರುಎಣಿಕೆ ಇಲ್ಲ, ಕೇಳಿದ ಮತದಾರರೇ ದಿನದ ಲೆಕ್ಕದಲ್ಲಿ ಹಣ ಕಟ್ಟಬೇಕು. ಇದು ಈ ಸೇವೆಯ ಅತಿ ದುರ್ಬಲ ಕೊಂಡಿ. ಪಾಲೊ ಆಲ್ಟೊ, ಮೌಂಟನ್ ವ್ಯೂ ಸೇರಿದ 16ನೇ ಕ್ಷೇತ್ರದಲ್ಲಿ ಮಾರ್ಚ್ 2024ರಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು ಬಂದರು. ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ಇಬ್ಬರಿಗೂ ಸರಿಯಾಗಿ 30,249 ಮತ. ಹಣ ಕಟ್ಟಿಸಿಕೊಂಡು ಮರುಎಣಿಕೆ ಮಾಡಿದಾಗ ಲೋ ಐದು ಮತಗಳಿಂದ ಮುಂದಾದರು.