ಸ್ವಿಟ್ಜರ್ಲೆಂಡಾ, ಜಪಾನಾ? ಹರೆಯದ ಮಕ್ಕಳನ್ನ ಕಟ್ಕೊಂಡು ಎರಡೂ ಕಡೆ ಹೋಗಿ ಬಂದೋಳ ಲೆಕ್ಕ

ಮೊದಲೇ ಹೇಳ್ಬಿಡ್ತೀನಿ. ಮನೇಲಿ ದೊಡ್ಡ ಮಗುಗೆ 16 ತುಂಬಿಲ್ಲ ಅಂದ್ರೆ ಸ್ವಿಟ್ಜರ್ಲೆಂಡ್, ತುಂಬಿದ್ರೆ ಜಪಾನ್. ಯಾಕೆ ಅಂತ ಆಮೇಲೆ ಹೇಳ್ತೀನಿ, ಆದ್ರೆ ನಮ್ಮ ದಾವಣಗೆರೆ ಎಂಸಿಸಿ ಬಿ ಬ್ಲಾಕ್ ಪಾರ್ಕಲ್ಲಿ ವಾಕಿಂಗ್ ಬರೋರೆಲ್ಲಾ ಈಗ ಇದನ್ನೇ ಕೇಳ್ತಾರೆ, ಒಂದ್ಸಲ ಹೋಗೋದು ರೀ, ದುಡ್ಡು ಕೂಡಿಟ್ಟಿದೀವಿ, ಎಲ್ಲಿಗೆ ಹೋದ್ರೆ ಮಕ್ಕಳು ಮುಖ ಗಂಟು ಹಾಕಲ್ಲ ಅಂತ. ನಾವು ಮಗ ಎಸ್ಸೆಸ್ಸೆಲ್ಸಿ ಬರೆದ ವರ್ಷ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡ್‌ಗೆ ಹೋಗಿದ್ವಿ, ಅತ್ತೆಯವ್ರೂ ಬಂದಿದ್ರು. ಅವನು ಕಾಲೇಜ್ ಸೇರಿದ ಮೇಲೆ ದಸರಾ ರಜೆಗೆ ಜಪಾನ್, ನಾವು ನಾಲ್ಕೇ ಜನ. ಮಗಳದ್ದು ಅದು ಎಸ್ಸೆಸ್ಸೆಲ್ಸಿ ವರ್ಷ, ಎಸ್ಸೆಸ್ಸೆಲ್ಸಿ ಇಟ್ಕೊಂಡು ಯಾರಾದ್ರೂ ಟೂರ್ ಹೋಗ್ತಾರೇನ್ರಿ ಅಂತ ಓಣಿಯೋರೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು. ಅಮೆರಿಕ ಆಸ್ಟ್ರೇಲಿಯಾ ನಾನು ನೋಡಿಲ್ಲ, ಅದನ್ನ ಕೇಳ್ಬೇಡಿ.

ಹೋಗೋ ದಾರಿಯಿಂದಾನೇ ಶುರು ಮಾಡ್ತೀನಿ. ದಾವಣಗೆರೆಯೋರಿಗೆ ಎಲ್ಲಿಗೆ ಹೋಗೋದಾದ್ರೂ ಮೊದಲು ದೇವನಹಳ್ಳಿ ಮುಟ್ಟಬೇಕು, ಅದೇ ಐದು ತಾಸಿನ ಕೆಲ್ಸ (ದಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗ್ರಿ, ನೆಲಮಂಗಲದ ಟ್ರಾಫಿಕ್ ತಪ್ಪುತ್ತೆ). ಅಲ್ಲಿಂದ ಟೋಕಿಯೋ ನರಿತಾಗೆ ನೇರ ವಿಮಾನ ಐತೆ, ರಾತ್ರಿ ಹತ್ತಿ ಮಲಗಿದ್ರೆ ಎಂಟು ಒಂಬತ್ತು ಗಂಟೆಲಿ ಇಳೀತೀರ. ಸ್ವಿಟ್ಜರ್ಲೆಂಡ್‌ಗೆ ಬೆಂಗಳೂರಿಂದ ನೇರ ಇಲ್ಲ, ಗಲ್ಫ್ ಕಡೆ ಇಲ್ಲ ಫ್ರಾಂಕ್‌ಫರ್ಟಲ್ಲಿ ಇಳಿದು ಹತ್ತಬೇಕು, ಅತ್ತೆಯವ್ರನ್ನ ವೀಲ್‌ಚೇರಲ್ಲಿ ಕೂರ್ಸಿ ಗೇಟಿಂದ ಗೇಟಿಗೆ ಓಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಸುಸ್ತಾಗುತ್ತೆ. ವೀಸಾದಲ್ಲೂ ಜಪಾನೇ ಸಲೀಸು. ಸ್ವಿಟ್ಜರ್ಲೆಂಡ್‌ಗೆ ಬೇಕಾದ ಷೆಂಗೆನ್ ವೀಸಾಗೆ 12 ವರ್ಷ ಆದ ಮಕ್ಕಳಿಗೂ ದೊಡ್ಡೋರ ಫೀಸೇ, ಈಗ 90 ಯೂರೋ, ಬೆರಳಚ್ಚೂ ಕೊಡ್ಬೇಕು, ಅಂದ್ರೆ ಇಡೀ ಮನೆ ಮಂದಿ ಒಂದು ದಿನ ಬೆಂಗಳೂರಲ್ಲಿ ಕೂತ್ಕೊಬೇಕು, ಜೊತೆಗೆ ತಲಾ 30,000 ಯೂರೋ ಕವರ್ ಇರೋ ಇನ್ಶೂರೆನ್ಸು ಕಡ್ಡಾಯ, ಬ್ಯಾಂಕ್ ಸ್ಟೇಟ್‌ಮೆಂಟು, ರಿಟರ್ನ್ಸು, ನಮ್ಮನೆಯವ್ರದ್ದು ಅಂಗಡಿ ಆಗಿರೋದ್ರಿಂದ ಜಿಎಸ್‌ಟಿ ಕಾಗದ ಬೇರೆ. ಜಪಾನ್‌ದು ನಾವು ಹೋದಾಗ ಫೀಸು ಇದ್ರ ಮುಂದೆ ಏನೂ ಅಲ್ಲ, ಅರ್ಜಿ ಹಾಕುವಾಗ ಬೆರಳಚ್ಚೂ ಇಲ್ಲ, ಅಲ್ಲಿ ಇಳಿದ ಮೇಲೆ 16 ದಾಟಿದೋರಿಗೆ ಏರ್‌ಪೋರ್ಟಲ್ಲೇ ತಗೋತಾರೆ. ಒಂದು ಮಾತ್ರ ನೋಡ್ಕೊಳ್ರಿ, ಮಕ್ಕಳ ಪಾಸ್‌ಪೋರ್ಟು ಸಾಮಾನ್ಯವಾಗಿ ಐದೇ ವರ್ಷಕ್ಕೆ ಇರೋದು, ಆರನೇ ಕ್ಲಾಸಲ್ಲಿ ಮಾಡ್ಸಿದ್ದು ಹರೆಯಕ್ಕೆ ಬರೋಷ್ಟೊತ್ತಿಗೆ ಮುಗಿದಿರುತ್ತೆ.

ಈಗ ಆ 16ರ ಲೆಕ್ಕ. ಸ್ವಿಟ್ಜರ್ಲೆಂಡ್ ದುಬಾರಿ ಅಂತ ಎಲ್ರಿಗೂ ಗೊತ್ತು, ಒಂದು ಫ್ರಾಂಕ್ ಅಂದ್ರೆ ನೂರು ರೂಪಾಯಿ ಮೇಲೇ, ಹೋಟೆಲಲ್ಲಿ ಸಾದಾ ಊಟಕ್ಕೆ 20-25 ಫ್ರಾಂಕ್ ಇಡ್ತಾರೆ. ಆದ್ರೆ ಅಲ್ಲಿ ಸ್ವಿಸ್ ಟ್ರಾವೆಲ್ ಪಾಸ್ ಅಂತ ಐತೆ, ರೈಲು, ಬಸ್ಸು, ದೋಣಿ, ಮ್ಯೂಸಿಯಂ ಎಲ್ಲದಕ್ಕೂ ಅದೊಂದೇ, ಅಪ್ಪ ಅಮ್ಮನ ಹತ್ರ ಆ ಪಾಸ್ ಇದ್ರೆ ಜೊತೇಲಿರೋ 16ರ ಒಳಗಿನ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೊಟ್ಟು ಫ್ರೀ ಬಿಡ್ತಾರೆ. ಮಗನಿಗೆ ಆಗ 15, ಮಗಳು ಇನ್ನೂ ಚಿಕ್ಕೋಳು, ಇಬ್ರೂ ಫ್ರೀ. 16 ಆದ್ಮೇಲೆ ಯೂತ್ ಪಾಸ್ ಅಂತ ಸ್ವಲ್ಪ ಕಡಿಮೆ ಮಾಡ್ತಾರೆ ಅಷ್ಟೇ. ಜಪಾನಲ್ಲಿ 12 ಆಯ್ತು ಅಂದ್ರೆ ರೈಲಿಗೆ ಫುಲ್ ಟಿಕೆಟ್ಟೇ, ಹರೆಯದ ಮಕ್ಕಳನ್ನ ಯಾವ ವಯಸ್ಸಲ್ಲಿ ಕರ್ಕೊಂಡು ಹೋದ್ರೂ ಲಾಭ ಇಲ್ಲ, ಅದಕ್ಕೇ ಅದನ್ನ ಆಮೇಲಕ್ಕೆ ಇಟ್ಕೊಳ್ರಿ ಅನ್ನೋದು. ಇನ್ನೊಂದು, ಜಪಾನ್ ರೈಲ್ ಪಾಸ್ ತಗೊಳ್ಳಿ ಅಂತ ಹಳೇ ವಿಡಿಯೋಗಳಲ್ಲೆಲ್ಲಾ ಹೇಳ್ತಾರೆ, ಅದನ್ನ 2023ರ ಅಕ್ಟೋಬರಲ್ಲಿ 29,650 ಯೆನ್‌ನಿಂದ ಒಂದೇ ಸಲಕ್ಕೆ 50,000ಕ್ಕೆ ಏರ್ಸಿದಾರೆ, ಏಳು ದಿನದ್ದು. ಟೋಕಿಯೋ ಕ್ಯೋಟೋ ಒಂದು ಕಡೆಗೆ ಹತ್ರಹತ್ರ 14,000. ನಾವು ಟೋಕಿಯೋ, ಕ್ಯೋಟೋ, ಹಿರೋಶಿಮಾ, ವಾಪಸ್ ಟೋಕಿಯೋ ಬಿಡಿ ಟಿಕೆಟ್ ತಗೊಂಡ್ವಿ, ಆದ್ರೂ ತಲೆಗೆ 50,000 ಮುಟ್ಟಲಿಲ್ಲ.

ಸ್ವಿಟ್ಜರ್ಲೆಂಡಲ್ಲಿ ಏನು ಚೆಂದ ಅಂತ ನಾನು ಹೇಳೋ ಅಗತ್ಯ ಇಲ್ಲ, ಫೋಟೋದಲ್ಲಿ ನೋಡಿರ್ತೀರಿ, ಫೋಟೋದಲ್ಲಿ ಹೆಂಗೈತೋ ಹಂಗೇ ಐತೆ. ಅದೇ ಮಕ್ಕಳ ವಿಷಯದಲ್ಲಿ ತೊಂದ್ರೆ. ಮೊದಲೆರಡು ದಿನ ಕಿಟಕಿಗೆ ಅಂಟ್ಕೊಂಡಿದ್ರು, ಆಮೇಲೆ ಎಲ್ಲಾ ಕಣಿವೆನೂ ಒಂದೇ ಥರ ಕಾಣಕ್ಕೆ ಶುರು ಆಯ್ತು ಅವರಿಗೆ. ಲೌಟರ್‌ಬ್ರುನೆನ್‌ನಲ್ಲಿ ಸ್ಟೌಬಾಕ್ ಫಾಲ್ಸ್ ಅಂತ 297 ಮೀಟರ್ ಎತ್ತರದಿಂದ ಬೀಳೋ ಜಲಪಾತ, ನಾನು ಬಾಯಿ ಬಿಟ್ಕೊಂಡು ನೋಡ್ತಿದೀನಿ, ಮಗಳು ಫೋನಿಂದ ತಲೆ ಎತ್ತಿ "ಮಮ್ಮಿ, ಮಳೆಗಾಲದಲ್ಲಿ ನಮ್ ಜೋಗ ಇದಕ್ಕಿಂತ ಜೋರಿರುತ್ತೆ" ಅಂದ್ಳು. ಎತ್ತರದಲ್ಲಿ ಜೋಗ 253 ಮೀಟರು, ಕಡಿಮೆನೇ, ಆದ್ರೆ ನೀರಿನ ವಿಷಯದಲ್ಲಿ ಹುಡುಗಿ ಹೇಳಿದ್ದು ಸುಳ್ಳಲ್ಲ. ಯುಂಗ್‌ಫ್ರೌಯೋಖ್, ಅಂದ್ರೆ 3,454 ಮೀಟರ್ ಎತ್ತರದ ರೈಲ್ವೆ ಸ್ಟೇಷನ್, ಅದಕ್ಕೆ ಇಂಟರ್‌ಲಾಕನ್‌ನಿಂದ ಹೋಗಿಬರೋ ಪೂರ್ತಿ ಟಿಕೆಟ್ 200 ಫ್ರಾಂಕ್ ದಾಟುತ್ತೆ, ಪಾಸ್ ಇದ್ರೂ ತುದಿವರೆಗೆ ಸಿಗೋದು ರಿಯಾಯಿತಿ ಅಷ್ಟೇ. ಹೋಗೋ ದಿನ ಬೆಳಗ್ಗೆ ವೆಬ್‌ಕ್ಯಾಮ್ ನೋಡಿ ಆಮೇಲೆ ಟಿಕೆಟ್ ತಗೊಳ್ಳಿ, ಮೋಡ ಇದ್ರೆ ಬಿಳಿ ಗೋಡೆ ನೋಡ್ಕೊಂಡು ಇಳೀಬೇಕಾಗುತ್ತೆ. ನಮಗೆ ಬಿಸಿಲಿತ್ತು. ಅತ್ತೆಯವ್ರು ಮಂಡಿನೋವು ಇಟ್ಕೊಂಡು ಹಿಮದ ಮೇಲೆ ನಿಂತ್ರು, ಅಲ್ಲಿ ಹತ್ತೋದು ಇಳಿಯೋದೆಲ್ಲಾ ರೈಲು, ಲಿಫ್ಟೇ ಮಾಡ್ತವೆ. ಅವರಿಗೆ ಅದಕ್ಕಿಂತ ಇಷ್ಟ ಆಗಿದ್ದು ರಿಗಿ ಬೆಟ್ಟ, ಲುಸರ್ನ್‌ನಿಂದ ದೋಣಿ, ಆಮೇಲೆ 1871ರಿಂದ ಓಡ್ತಿರೋ ಹಲ್ಲುಗಾಲಿ ರೈಲು, ಎರಡೂ ಪಾಸಲ್ಲೇ ಬರುತ್ತೆ.

ಮಕ್ಕಳು ಅಲ್ಲಿ ನಿಜವಾಗ್ಲೂ ಖುಷಿ ಪಟ್ಟಿದ್ದು ಎರಡೇ ಕಡೆ. ಒಂದು ಗ್ರಿಂಡೆಲ್‌ವಾಲ್ಡ್ ಮೇಲಿರೋ ಫಸ್ಟ್ ಅನ್ನೋ ಜಾಗ, 800 ಮೀಟರ್ ಉದ್ದದ ತಂತಿಗೆ ನೇತು ಹಾಕಿ ಗಂಟೆಗೆ 84 ಕಿಲೋಮೀಟರ್ ವರೆಗೆ ಬಿಡ್ತಾರೆ, ನಾನು ಕಣ್ಣು ಮುಚ್ಕೊಂಡು ಕೆಳಗೆ ನಿಂತಿದ್ದೆ. ಇನ್ನೊಂದು ಜಿನೀವಾದ ಸರ್ನ್, ಅಂದ್ರೆ ಅಣುವಿಗಿಂತ ಸಣ್ಣ ಕಣಗಳ ಮೇಲೆ ಪ್ರಯೋಗ ಮಾಡೋ ದೊಡ್ಡ ವಿಜ್ಞಾನ ಕೇಂದ್ರ. ಊರಿಂದ 18ನೇ ನಂಬರ್ ಟ್ರಾಮ್ ಹತ್ತಿ ಕೊನೇ ಸ್ಟಾಪಲ್ಲಿ ಇಳಿದ್ರೆ ಎದುರಿಗೇ. ನೋಡೋಕೆ ಬರೋರಿಗೆ ಸೈನ್ಸ್ ಗೇಟ್‌ವೇ ಅಂತ 2023ರಲ್ಲಿ ಕಟ್ಟಿದಾರೆ, ಒಂದು ಪೈಸೆ ಟಿಕೆಟ್ ಇಲ್ಲ, ಸೋಮವಾರ ಮಾತ್ರ ರಜೆ. ಪಿಯುಗೆ ಸೈನ್ಸ್ ತಗೋಬೇಕಾ ಬೇಡ್ವಾ ಅಂತ ಮನೇಲಿ ಜಗಳ ಆಡ್ತಿದ್ದ ಹುಡುಗ ಅಲ್ಲಿಂದ ಹೊರಗೆ ಬರಕ್ಕೇ ತಯಾರಿಲ್ಲ. ಭಾರತ ಸರ್ಕಾರ 2004ರಲ್ಲಿ ಕೊಟ್ಟ ನಟರಾಜನ ಮೂರ್ತಿನೂ ಸರ್ನ್‌ನಲ್ಲಿದೆ ಅಂತ ಅವನ ಬಾಯಲ್ಲೇ ಕೇಳಿದ್ದು ಅತ್ತೆಯವ್ರು, ಅಲ್ಲೇ ನಿಂತು ಕೈ ಮುಗಿದ್ರು. ಗುಂಪು ಟೂರಿನೋರು ಯಾರೂ ಇಲ್ಲಿಗೆ ಕರ್ಕೊಂಡು ಹೋಗಲ್ಲ, ವಾಚು, ಚಾಕಲೇಟ್ ಅಂಗಡಿಗೆ ಮಾತ್ರ ತಪ್ಪದೇ ನಿಲ್ಲಿಸ್ತಾರೆ.

ಊಟದ ವಿಷಯ. ನಾವು ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಇದರಲ್ಲಿ ಸ್ವಿಟ್ಜರ್ಲೆಂಡ್ ಎಷ್ಟೋ ವಾಸಿ, ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿದ್ವಿ, ಕೋಪ್, ಮಿಗ್ರೋಸ್ ಅಂಗಡೀಲಿ ಅಕ್ಕಿ, ಮೊಸರು, ತರಕಾರಿ ಎಲ್ಲಾ ಸಿಗ್ತವೆ, ಭಾನುವಾರ ಮಾತ್ರ ರೈಲ್ವೆ ಸ್ಟೇಷನ್ ಅಂಗಡಿ ಬಿಟ್ರೆ ಉಳಿದಿದ್ದು ಹೆಚ್ಚುಕಮ್ಮಿ ಬಂದ್. ಊರಿಂದ ಮಂಡಕ್ಕಿ ತಗೊಂಡು ಹೋಗಿದ್ದೆ, ಒಂದು ಸಂಜೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದೇ ತಡ ಹೊಗೆ ಅಲಾರಾಂ ಹೊಡ್ಕೊಂಡು ಪಕ್ಕದ ಮನೆ ಅಜ್ಜಿ ಬಂದು ನಿಂತ್ರು, ಒಂದು ಬಟ್ಟಲು ಕೊಟ್ಟೆ, ತಿಂದು ಹೋದ್ರು. ಚೀಸ್ ವಿಷಯ ಒಂದು ಗುಟ್ಟು, ಗ್ರುಯೇರ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸ್ತಾರೆ, ಸಸ್ಯಾಹಾರಿಗಳು ನೋಡ್ಕೊಳ್ರಿ. ನಾನು ಅತ್ತೆಯವ್ರಿಗೆ ಇವತ್ತಿನವರೆಗೂ ಹೇಳಿಲ್ಲ.

ಜಪಾನಲ್ಲಿ ಊಟ ಕಷ್ಟ ಕಣ್ರಿ, ಸುಳ್ಳು ಹೇಳಿ ಏನು. ತರಕಾರಿ ಊಟ ಅಂತ ಕೊಟ್ರೂ ಅದ್ರ ಸಾರು ದಾಶಿ, ಅಂದ್ರೆ ಮೀನಿಂದ ಇಳಿಸಿದ ನೀರು, ಉಡೋನ್ ನೂಡಲ್ಸ್ ಸಾರಲ್ಲಿ, ಮಿಸೋ ಸೂಪಲ್ಲಿ, ಎಲ್ಲಾ ಕಡೆ ಅದೇ. ಮೀನು ಬೇಡ, ಮಾಂಸ ಬೇಡ, ಮೊಟ್ಟೆ ಬೇಡ, ಮೀನಿನ ಸಾರೂ ಬೇಡ ಅಂತ ಜಪಾನೀಸಲ್ಲಿ ಬರೆದ ಚೀಟಿ ಫೋನಲ್ಲಿ ಇಟ್ಕೊಂಡು ತೋರಿಸ್ತಿದ್ವಿ, ಅವ್ರು ಪಾಪ ಎರಡು ಮೂರು ಸಲ ಓದಿ, ಒಳಗೆ ಹೋಗಿ ಕೇಳ್ಕೊಂಡು ಬಂದು, ಬಗ್ಗಿ ನಮಸ್ಕಾರ ಮಾಡಿ ಆಗಲ್ಲ ಅನ್ನೋರು. ಟೋಕಿಯೋ ಸ್ಟೇಷನ್ ಒಳಗೇ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರಿ ರಾಮೆನ್ ನೂಡಲ್ಸ್ ಅಂಗಡಿ ಐತೆ, ಮಗ ಅಲ್ಲಿ ತಿಂದಿದ್ದನ್ನ ಈಗ್ಲೂ ನೆನೀತಾನೆ. ಉಳಿದಂತೆ ಬೀದಿಗೊಂದಿರೋ ಕನ್ವೀನಿಯನ್ಸ್ ಸ್ಟೋರಲ್ಲಿ ಉಪ್ಪಿನಕಾಯಿ ಥರದ ಹುಳಿ ಹಣ್ಣಿಟ್ಟ ಅನ್ನದ ಉಂಡೆ, ಬಾಳೆಹಣ್ಣು, ಜೊತೆಗೆ ಊರಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿ ಎಷ್ಟು ತಗೊಂಡು ಹೋದ್ರೂ ಸಾಲಲ್ಲ, ಡಬಲ್ ಇಟ್ಕೊಳ್ರಿ.

ಆದ್ರೂ 16 ದಾಟಿದ ಮಕ್ಕಳ ಜೊತೆ ಹೋಗೋಕೆ ಜಪಾನೇ ಅನ್ನೋದಕ್ಕೆ ಕಾರಣ ಇದು. ನಮ್ಮ ಹೋಟೆಲ್ ಇದ್ದಿದ್ದು ಟೋಕಿಯೋದ ಉಯೇನೋ ಹತ್ರ, ಅಲ್ಲಿಂದ ಅಕಿಹಬಾರಾ, ಅಂದ್ರೆ ಗೇಮು, ಬೊಂಬೆ, ಕಾರ್ಟೂನ್ ಅಂಗಡಿಗಳ ಜಾಗ, ಯಮನೋತೆ ರೈಲು ಲೈನಲ್ಲಿ ಎರಡನೇ ಸ್ಟಾಪು. ಒಂದು ಸಂಜೆ ನನಗೆ ಕಾಲು ಕಿತ್ತು ಬಂದಿತ್ತು, ಅಲ್ಲಿ ದಿನಾ ದುರ್ಗದ ಕೋಟೆ ಮೇಲೆ ಕೆಳಗೆ ಮಾಡಿದಷ್ಟು ನಡೆಯೋದಿರುತ್ತೆ, ಆಗ ಮಗ "ನಾವಿಬ್ರೇ ಹೋಗಿ ಬರ್ಲಾ" ಅಂದ. ಲೊಕೇಶನ್ ಶೇರ್ ಆನ್ ಮಾಡ್ಸಿ ಕಳ್ಸಿದ್ವಿ. ನಮ್ಮೂರಲ್ಲಿ ಏಳು ಗಂಟೆ ಮೇಲೆ ಮಗಳನ್ನ ಮಂಡಿಪೇಟೆಗೆ ಒಬ್ಳೇ ಕಳ್ಸಲ್ಲ ನಾನು. ಹೋಟೆಲ್ ರೂಮಲ್ಲಿ ಕೂತು ನಮ್ಮನೆಯವ್ರೂ ನಾನೂ ಆ ನೀಲಿ ಚುಕ್ಕಿ ಒಂದು ಬಿಲ್ಡಿಂಗಿಂದ ಇನ್ನೊಂದಕ್ಕೆ ಹೋಗೋದನ್ನೇ ನೋಡ್ತಿದ್ವಿ, ಒಂಬತ್ತಕ್ಕೆ ಸರಿಯಾಗಿ ಬಂದ್ರು, ಜೇಬಿನ ತುಂಬಾ ಪ್ಲಾಸ್ಟಿಕ್ ಉಂಡೇಲಿ ಬರೋ ಸಣ್ಣ ಸಣ್ಣ ಬೊಂಬೆ, ಮುಖದಲ್ಲಿ ಗೆದ್ದು ಬಂದ ಕಳೆ. ಅವತ್ತಿಂದ ಟೂರು ಅವರ ಕೈಗೆ ಹೋಯ್ತು. ಯಾವ ಪ್ಲಾಟ್‌ಫಾರ್ಮು, ಯಾವ ಎಕ್ಸಿಟು, ಟೋಕಿಯೋಲಿ ಎಸ್ಕಲೇಟರ್ ಎಡಗಡೆ ನಿಲ್ಲೋದು ಒಸಾಕಾಲಿ ಬಲಗಡೆ, ಕ್ಯೋಟೋಗೆ ಹೋಗುವಾಗ ಶಿಂಕಾನ್‌ಸೆನ್ ಬುಲೆಟ್ ರೈಲಲ್ಲಿ ಬಲಬದಿ ಸೀಟು ಹಿಡಿದ್ರೆ ಫ್ಯೂಜಿ ಬೆಟ್ಟ ಕಾಣೋದು, ಎಲ್ಲಾ ಮಗಳೇ ನೋಡ್ಕೊಂಡಿದ್ಲು. ಎರಡೂಕಾಲು ಗಂಟೆಗೆ ಕ್ಯೋಟೋ. ನಮ್ಮನೆಯವ್ರು ಇಳಿಯೋವರೆಗೂ ದಾವಣಗೆರೆ ಬೆಂಗಳೂರು ದೂರ ಲೆಕ್ಕ ಹಾಕ್ತಾನೇ ಇದ್ರು. ದೊಡ್ಡ ಸೂಟ್‌ಕೇಸ್ ಇದ್ರೆ, ಉದ್ದ ಅಗಲ ಎತ್ತರ ಸೇರಿ 160 ಸೆಂಟಿಮೀಟರ್ ದಾಟಿದ್ರೆ, ಆ ರೈಲಲ್ಲಿ ಅದಕ್ಕೂ ಜಾಗದ ಸೀಟು ಮೊದಲೇ ಬುಕ್ ಮಾಡ್ಬೇಕು. ಸ್ವಿಟ್ಜರ್ಲೆಂಡಲ್ಲೂ ಸೇಫೇ, ಆದ್ರೆ ಅಲ್ಲಿ ಹಳ್ಳಿಗಳಲ್ಲಿ ಆರು ಗಂಟೆಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಹುಡುಗರು ಹೋಗೋದಾದ್ರೂ ಎಲ್ಲಿಗೆ.

ಹಿರೋಶಿಮಾ ಬಿಡ್ಬೇಡಿ. ಟೂರಲ್ಲಿ ದುಃಖದ ಜಾಗ ಯಾಕೆ ಅಂತ ನಮ್ಮನೆಯವ್ರೇ ಬೇಡ ಅಂದಿದ್ರು. ಮ್ಯೂಸಿಯಮ್ಮಲ್ಲಿ ಒಂದು ತುಕ್ಕು ಹಿಡಿದ ಮೂರು ಗಾಲಿ ಸೈಕಲ್ ಇಟ್ಟಿದಾರೆ, 1945ರ ಆಗಸ್ಟ್ 6ಕ್ಕೆ ಅದನ್ನ ಓಡಿಸ್ತಿದ್ದ ಮೂರು ವರ್ಷದ ಹುಡುಗ ಸತ್ತ, ಅಪ್ಪ ಅವನ ಜೊತೆ ಅದನ್ನೂ ಮನೆ ಹಿತ್ತಲಲ್ಲೇ ಹೂತು, 40 ವರ್ಷ ಆದ್ಮೇಲೆ ತೆಗೆದು ಕೊಟ್ರಂತೆ. ದಿನಾ ಫೋನಲ್ಲಿ ಬಾಂಬ್ ಹಾಕೋ ಗೇಮ್ ಆಡೋ ನನ್ನ ಮಗ ಅದ್ರ ಮುಂದೆ ತುಂಬಾ ಹೊತ್ತು ನಿಂತಿದ್ದ, ಅವತ್ತು ರಾತ್ರಿ ಯುದ್ಧದ ಬಗ್ಗೆ ಅವನು ಕೇಳಿದ ಪ್ರಶ್ನೆಗಳಿಗೆ ನಮ್ಮಿಬ್ರ ಹತ್ರಾನೂ ಪೂರ್ತಿ ಉತ್ತರ ಇರ್ಲಿಲ್ಲ. ಗೇಮು ಬಿಟ್ಟಿಲ್ಲ, ಅದು ಬೇರೆ ವಿಷಯ.

ಟೈಮಿನ ವಿಷಯ ಯಾರೂ ಹೇಳಲ್ಲ, ಹರೆಯದ ಮಕ್ಕಳಿರೋರಿಗೆ ಇದು ದೊಡ್ಡದು. ಬೇಸಿಗೇಲಿ ಸ್ವಿಟ್ಜರ್ಲೆಂಡ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಜಪಾನ್ ಮೂರೂವರೆ ಗಂಟೆ ಮುಂದೆ. ಅಂದ್ರೆ ಸ್ವಿಟ್ಜರ್ಲೆಂಡಲ್ಲಿ ಬೆಳಗ್ಗೆ ಏಳಕ್ಕೆ ನಮ್ಮ ಮಕ್ಕಳ ಮೈಗೆ ಹತ್ತೂವರೆ, ತಾವಾಗೇ ಎದ್ದು ಹಲ್ಲುಜ್ಜಿ ಕೂತಿರ್ತಾರೆ. ಜಪಾನಲ್ಲಿ ಅದೇ ಏಳು ಗಂಟೆ ಅಂದ್ರೆ ನಡುರಾತ್ರಿ ಮೂರೂವರೆ, ಎಬ್ಬಿಸೋಕೆ ಹೋದೋರಿಗೆ ಒದೆ. ಮೊದಲ ಮೂರು ದಿನ ಬೆಳಗಿನ ಪ್ರೋಗ್ರಾಮ್ ಏನೂ ಇಟ್ಕೋಬೇಡಿ.

ರಜೆ ಪ್ರಕಾರ ನೋಡಿದ್ರೆ, ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡ್ ಕಣಿವೆ ಹಸಿರಿರುತ್ತೆ, ಮೇಲಿನ ಕಾಲುದಾರಿಗಳಲ್ಲಿ ಇನ್ನೂ ಹಿಮ, ಕೆಲವು ಕೇಬಲ್ ಕಾರ್ ರಿಪೇರಿಗೆ ನಿಲ್ಲಿಸಿರ್ತಾರೆ. ಜಪಾನಿಗೆ ಏಪ್ರಿಲ್ ಕೊನೆ ಮೇ ಮೊದಲ ವಾರ ಹೋಗ್ಲೇಬೇಡಿ, ಅವರದ್ದೇ ಗೋಲ್ಡನ್ ವೀಕ್ ರಜೆ, ರೈಲು ತುಂಬಿ ತುಳುಕುತ್ತೆ. ದಸರಾ ಸರಿ, ಹವಾ ಹಿತವಾಗಿರುತ್ತೆ, ಎಲೆ ಕೆಂಪಾಗೋದು ಮಾತ್ರ ಕ್ಯೋಟೋದಲ್ಲಿ ನವೆಂಬರಿಗೇ.

ಮನೇಲಿ ಈಗ ಕೇಳಿದ್ರೆ ಅತ್ತೆಯವ್ರೂ ನಮ್ಮನೆಯವ್ರೂ ಸ್ವಿಟ್ಜರ್ಲೆಂಡ್ ಪಾರ್ಟಿ, ಮಕ್ಕಳು ಜಪಾನ್, ನಾನು ಹೊಟ್ಟೆಗೆ ಸ್ವಿಟ್ಜರ್ಲೆಂಡ್, ಉಳಿದಿದ್ದಕ್ಕೆಲ್ಲಾ ಜಪಾನ್. ವಯಸ್ಸಾದೋರನ್ನ ಕರ್ಕೊಂಡು ಹೋಗೋದಾದ್ರೆ ಕಣ್ಮುಚ್ಚಿ ಸ್ವಿಟ್ಜರ್ಲೆಂಡ್. ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ತೆರಿಗೆ ಹಿಡೀತಾರೆ, ಅದನ್ನ ರಿಟರ್ನ್ಸಲ್ಲಿ ವಾಪಸ್ ಕೇಳ್ಬಹುದು, ರಸೀದಿ ಇಟ್ಕೊಳ್ರಿ. ಜಪಾನ್ ಅಂತ ಗಟ್ಟಿ ಮಾಡಿದ್ರೆ, ಮಗಳಿಗೆ ಜಪಾನಿ ಕಾರ್ಟೂನ್ ಸಿನಿಮಾದೋರ ಘಿಬ್ಲಿ ಮ್ಯೂಸಿಯಂ ನೋಡೋ ಆಸೆ ಇದ್ರೆ ಒಂದು ಅಲಾರಾಂ ಇಡಿ, ಮುಂದಿನ ತಿಂಗಳ ಟಿಕೆಟ್ ಪ್ರತಿ ತಿಂಗಳು 10ನೇ ತಾರೀಕು ನಮ್ಮ ಟೈಮ್ ಬೆಳಗ್ಗೆ ಆರೂವರೆಗೆ ಬಿಡ್ತಾರೆ, ಬಾಗಿಲಲ್ಲಿ ಕೊಡಲ್ಲ, ನೋಡ್ತಾ ನೋಡ್ತಾ ಖಾಲಿ ಆಗುತ್ತೆ. ನಮ್ಮನೇಲಿ ಮಗಳು ಯಾರೂ ಕರೀದೇ ಎದ್ದ ಬೆಳಗು ಅದೊಂದೇ.