ಶ್ರೀಗಂಧವೂ ರಕ್ತಚಂದನವೂ ಒಂದೇ ಎನ್ನುವ ನರ್ಸರಿ

ಶ್ರೀರಂಗಪಟ್ಟಣದ ಬಳಿಯ ನಮ್ಮ ಜಮೀನಿನ ಬದುವಿಗೆಂದು ಈ ಮುಂಗಾರಿನಲ್ಲಿ ಮೈಸೂರಿನ ಹೊರವಲಯದ ಖಾಸಗಿ ನರ್ಸರಿಯೊಂದರಿಂದ 12 ಶ್ರೀಗಂಧದ ಸಸಿಗಳನ್ನೂ 6 ರಕ್ತಚಂದನದ ಸಸಿಗಳನ್ನೂ ತಂದೆ. ಸಸಿಗಳು ಗಟ್ಟಿಮುಟ್ಟಾಗಿವೆ, ಬೆಲೆಯೂ ಹೆಚ್ಚಲ್ಲ. ಆದರೆ ಎರಡನ್ನೂ ‘ಚಂದನದ ಸಸಿಗಳು’ ಎಂಬ ಒಂದೇ ಫಲಕದ ಕೆಳಗೆ ಜೋಡಿಸಿ, “ಎರಡೂ ಒಂದೇ ಜಾತಿ ಸಾರ್, ಒಂದು ಬಿಳಿ, ಒಂದು ಕೆಂಪು ಅಷ್ಟೇ” ಎಂದು ಹೇಳಿ ಮಾರುವುದನ್ನು ನಾನು ಒಪ್ಪಲಾರೆ.

ಶ್ರೀಗಂಧ, ಅಂದರೆ ಸ್ಯಾಂಟಲಮ್ ಆಲ್ಬಮ್, ಸ್ಯಾಂಟಲೇಸಿ ಕುಟುಂಬದ ಮರ. ರಕ್ತಚಂದನವಾದರೋ ಟೆರೋಕಾರ್ಪಸ್ ಸ್ಯಾಂಟಲಿನಸ್, ತೊಗರಿ, ಹೊಂಗೆಗಳಿರುವ ಫ್ಯಾಬೇಸಿ ಕುಟುಂಬಕ್ಕೆ ಸೇರಿದ್ದು, ನಮ್ಮ ಹೊನ್ನೆ ಮರದ ಕುಲದ್ದೇ. ಹೆಸರಿನಲ್ಲಿ ಚಂದನವಿದ್ದರೂ ಅದರ ಕೆಂಪು ತಿರುಳಿಗೆ ಶ್ರೀಗಂಧದ ಪರಿಮಳವಿಲ್ಲ. ಶ್ರೀಗಂಧದಲ್ಲಿ ಬಿಡಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ರಕ್ತಚಂದನದ ಬಲಿತ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳಿರುತ್ತವೆ.

ಈ ವ್ಯತ್ಯಾಸ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಶ್ರೀಗಂಧ ಅರೆಪರಾವಲಂಬಿಯಾದ್ದರಿಂದ ಪಕ್ಕದ ಗಿಡದ ಬೇರಿಗೆ ತನ್ನ ಹೀರುಬೇರನ್ನು ಕಚ್ಚಿಸಿ ನೀರು, ಪೋಷಕಾಂಶಗಳನ್ನು ಪಡೆಯುತ್ತದೆ, ಹಾಗಾಗಿ ಚೀಲದಲ್ಲೇ ಅದರ ಜೊತೆ ತೊಗರಿಯನ್ನೋ ಹೊನಗೊನ್ನೆಯನ್ನೋ ಬೆಳೆಸುವುದು ವಾಡಿಕೆ. ನೆಡುವಾಗ ಒಂದು ಚೀಲವನ್ನು ಸೀಳಿ ನೋಡಿದರೆ ತೊಗರಿಯ ಬೇರಿಗೆ ಬಿಳಿಯ ಸಣ್ಣ ಗುಬುಟುಗಳು ಬಿಗಿಯಾಗಿ ಅಂಟಿಕೊಂಡಿದ್ದವು. ಮೂರು ಚೀಲಗಳಲ್ಲಿ ಮಾತ್ರ ಜೊತೆಗಿಡವೇ ಇರಲಿಲ್ಲ, ಆ ಮೂರೂ ಸಸಿಗಳು ಹಳದಿಗೆ ತಿರುಗಿದವು. ರಕ್ತಚಂದನಕ್ಕೆ ಇಂಥ ಆಸರೆಯ ಅಗತ್ಯವೇ ಇಲ್ಲ.

ಸಂರಕ್ಷಣೆಯ ಸ್ಥಿತಿಯೂ ಬೇರೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಶ್ರೀಗಂಧ ‘ದುರ್ಬಲ’ ವರ್ಗದಲ್ಲಿದ್ದರೆ, ಆಂಧ್ರದ ದಕ್ಷಿಣ ಪೂರ್ವಘಟ್ಟಗಳಲ್ಲಿ ಮುಖ್ಯವಾಗಿ ಉಳಿದಿರುವ ರಕ್ತಚಂದನ ಅದಕ್ಕಿಂತ ತೀವ್ರವಾದ ‘ಅಳಿವಿನಂಚಿನ’ ವರ್ಗದಲ್ಲಿದೆ, ಮತ್ತು 1995ರಿಂದ, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಅದರ ವಿದೇಶಿ ವ್ಯಾಪಾರಕ್ಕೆ ಪರವಾನಗಿ ಬೇಕು. ಟಿಪ್ಪುವಿನ ಕಾಲದಲ್ಲಿ ಅರಸರ ಸ್ವತ್ತಾದ ರಾಜವೃಕ್ಷವಾಗಿದ್ದ ಶ್ರೀಗಂಧಕ್ಕೆ ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಮಾಲೀಕನೇ ಒಡೆಯ; ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ದಶಕಗಳ ಕಾಲ ಕಾಯಬೇಕಾದ ರೈತನಿಗೆ ಇದನ್ನೆಲ್ಲ ತಿಳಿಸದೆ ಸಸಿ ಮಾರುವುದು ತಪ್ಪು.

ಹಳದಿಯಾದ ಮೂರನ್ನು ಹಿಂದಕ್ಕೆ ಒಯ್ದಾಗ ತಕರಾರಿಲ್ಲದೆ ತೊಗರಿಯಿದ್ದ ಬೇರೆ ಸಸಿಗಳನ್ನು ಕೊಟ್ಟರು, ಅದಕ್ಕೆ ಕೃತಜ್ಞನಾಗಿದ್ದೇನೆ. ಎರಡಕ್ಕೂ ಪ್ರತ್ಯೇಕ ಫಲಕ ಹಾಕಿರೆಂದು ಕೇಳಿಕೊಂಡು ಬಂದಿದ್ದೇನೆ. ಅಲ್ಲಿ ಶ್ರೀಗಂಧ ಕೊಳ್ಳುವವರು ಪ್ರತಿ ಚೀಲದಲ್ಲೂ ಜೊತೆಗಿಡವಿದೆಯೇ ಎಂದು ನೋಡಿಯೇ ಹಣ ಕೊಡಿ.